ಚಹಾ ಕುಡಿಸಿ ಟಿ.ಸಿ. ಕೊಡುವ ಸಾಹೇಬರಿಗೆ

ಮಾನ್ಯ ಆಡಳಿತಾಧಿಕಾರಿಗಳೇ,

ಹೋದ ಸೋಮವಾರ ನಿಮ್ಮ ಕೋಣೆಯಲ್ಲಿ ನನ್ನ ಮುಂದಿಟ್ಟ ಚಹಾವನ್ನು ಮುಟ್ಟದೆ ನಾನು ಎದ್ದು ಬಂದೆ. ಅದರಿಂದ ತಮಗೆ ಬಹಳ ನೋವಾಗಿದೆ ಎಂದು ತಮ್ಮ ಗುಮಾಸ್ತರು ನನ್ನ ಯಜಮಾನರಿಗೆ ಫೋನು ಮಾಡಿ ತಿಳಿಸಿದರು. ಇದು ಕ್ಷಮಾಪಣೆಯ ಪತ್ರವಿರಬಹುದು ಎಂದು ತಾವು ಕುರ್ಚಿಗೆ ಒರಗಿ ಓದಲು ಕೂತಿದ್ದರೆ, ದಯವಿಟ್ಟು ನೆಟ್ಟಗೆ ಕೂಡಿರಿ. ನನ್ನ ಮಗ ವೀರು ಒಂಬತ್ತನೆಯ ತರಗತಿ ಮುಗಿಸಿದ್ದಾನೆ. ಗಣಿತದಲ್ಲಿ ಹಿಂದಿದ್ದಾನೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನು ನಿಮ್ಮ ಶಾಲೆಯ ಫಲಿತಾಂಶ ಕೆಡಿಸಿಯಾನು ಎಂಬ ಹೆದರಿಕೆಯಿಂದ, ಅದಕ್ಕೂ ಮೊದಲೇ ಅವನ ಕೈಗೆ ಟಿ.ಸಿ. ಕೊಟ್ಟು ಬೇರೆ ಶಾಲೆಗೆ ಸಾಗಿಸಲು ತಾವು ನೋಡುತ್ತಿದ್ದೀರಿ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಅದರ ವಿವರ, ಮತ್ತು ಸ್ವಲ್ಪ ಸಿಟ್ಟು.

ನಾನು ಮತ್ತು ನನ್ನ ಗಂಡ ಚನ್ನಬಸವಣ್ಣ ಮುಂಡರಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ದಿನವಿಡೀ ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಕಾಗದದ ಮೇಲೂ ಅದು ಇಳಿಯುವ ಹಾಗೆ ಕಾಣುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ನಿಮ್ಮ ಶಾಲೆಯನ್ನು ಹೊಗಳಿಬಿಡುತ್ತೇನೆ, ಆಮೇಲೆ ಮರೆತೀತು. ಕಟ್ಟಡ ಸರ್ಕಾರದ್ದು, ಶಿಕ್ಷಕರ ಸಂಬಳ ಸರ್ಕಾರದ್ದು, ಆಡಳಿತ ಮಾತ್ರ ನಿಮ್ಮ ಟ್ರಸ್ಟಿನದು. ಫೀ ಇಲ್ಲ. ಅದಕ್ಕೇ ಜನ ಇದನ್ನು ‘ಟ್ರಸ್ಟಿನ ಸಾಲಿ’ ಎಂದು ಕರೆದು, ಸೀಟಿಗಾಗಿ ಮುಗಿಬಿದ್ದರು. ಅರ್ಜಿ ಹೆಚ್ಚಾದಾಗ ಚೀಟಿ ಎತ್ತಿದಿರಿ. ವೀರುವಿನ ಚೀಟಿ ಬಂದ ದಿನ ನಮ್ಮ ಓಣಿಯಲ್ಲಿ ಮನೆಮನೆಗೆ ಸಕ್ಕರೆ ಹಂಚಿದೆವು. ಪಕ್ಕದ ಮನೆಯ ಶಮಶಾದಬಿಯ ಮಗಳು ಕೌಸರಳದೂ ಅಂದೇ ಬಂತು. ಸುಳ್ಳು ಯಾಕೆ ಹೇಳಲಿ, ಶಾಲೆ ಖರೆ ಛಲೋ ಇದೆ. ಪುಸ್ತಕದ ಕೋಣೆಗೆ ಬೀಗ ಹಾಕುವುದಿಲ್ಲ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತದೆ. ಗಣಿತದ ಅಕ್ಕೋರಂತೂ, ಅವರಿಗೆ ಪುಣ್ಯ ಬರಲಿ, ಗಂಟೆ ಹೊಡೆದ ಮೇಲೂ ಹಿಂದುಳಿದ ಮಕ್ಕಳನ್ನು ಕೂಡಿಸಿಕೊಂಡು ಕಲಿಸುತ್ತಾರೆ. ಇಷ್ಟೆಲ್ಲ ಇದ್ದಲ್ಲಿ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬಂದೀತು?

ಆ ಮನಸ್ಸು ಬರಿಸುವ ಉಪಾಯವನ್ನು ತಾವೇ ಕಂಡುಹಿಡಿದಿರಿ. ತಾವು ಈ ಕಡೆಯವರಲ್ಲ. ಆದರೂ ಬಂದು ಎರಡು ವರ್ಷದೊಳಗೆ ನಮ್ಮ ಮಂದಿಯ ನಾಡಿ ಹಿಡಿದದ್ದನ್ನು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. ನಮ್ಮಲ್ಲಿ ಒಬ್ಬರ ಮನೆಯ ಚಹಾ ಕುಡಿದ ಮೇಲೆ ಅವರ ಮಾರಿ ನೋಡಿ ‘ಒಲ್ಲೆ’ ಎನ್ನಲು ಬಾಯಿ ಬರುವುದಿಲ್ಲ. ಎಮ್ಮೆ ವ್ಯಾಪಾರವಿರಲಿ, ಬೀಗತನವಿರಲಿ, ಚಹಾ ಗಂಟಲಲ್ಲಿ ಇಳಿಯಿತೆಂದರೆ ಮಾತು ಅರ್ಧ ಮುಗಿದ ಹಾಗೆ. ಇದು ನಮ್ಮ ಸಂಸ್ಕಾರವೋ ದಡ್ಡತನವೋ ನನಗೆ ಇನ್ನೂ ಗೊತ್ತಾಗಿಲ್ಲ. ತಮಗೆ ಮಾತ್ರ ಚೆನ್ನಾಗಿ ಗೊತ್ತಾಗಿದೆ.

ಬಳೆ ಅಂಗಡಿಯ ದಸ್ತಗೀರಸಾಬರು, ಅಂದರೆ ಕೌಸರಳ ತಂದೆ, ನಿಮ್ಮ ಕೋಣೆಗೆ ಬಂದಿದ್ದು ನೆನಪಿದೆಯೇ? ಜೀವಮಾನದಲ್ಲಿ ಯಾವ ಕಚೇರಿಯಲ್ಲೂ ಅವರಿಗೆ ಕುರ್ಚಿ ಸಿಕ್ಕಿರಲಿಲ್ಲ. ತಾವು ಎದ್ದು ನಿಂತು ನಮಸ್ಕಾರ ಮಾಡಿದಿರಿ, ಕೂಡಿಸಿದಿರಿ, ಬಶಿಯ ಮೇಲೆ ಕಪ್ಪಿಟ್ಟು ಚಹಾ ಕೊಟ್ಟಿರಿ, ಮೇಲೆ ಎರಡು ಬಿಸ್ಕೀಟು. ಅವರ ಮಂಡಿನೋವು ವಿಚಾರಿಸಿದಿರಿ. ಕಪ್ಪು ಖಾಲಿಯಾದ ಮೇಲೆ, ನಿಮ್ಮ ಮಗಳು ಬಹಳ ಒಳ್ಳೆಯವಳು, ಇಲ್ಲಿ ಅವಳಿಗೆ ಒತ್ತಡವಾಗುತ್ತಿದೆ, ಬೇರೆ ಶಾಲೆಯಲ್ಲಿ ಅರಳುತ್ತಾಳೆ ಎಂದಿರಿ. ಹುಡುಗಿ ಏನು ಕುಂಡದಲ್ಲಿನ ಗಿಡವೇ, ಅಲ್ಲಿಂದೆತ್ತಿ ಇಲ್ಲಿಡಲು? ಆದರೆ ದಸ್ತಗೀರಸಾಬರು ಹಾಗೆ ಕೇಳಲಿಲ್ಲ. ಮುಂದೆ ನಡೆದದ್ದನ್ನು ಶಮಶಾದಬಿ ನಮ್ಮ ಗಿರಣಿಯಲ್ಲಿ ಜೋಳದ ಬುಟ್ಟಿ ಇಳಿಸಿದವಳೇ ಹೇಳಿದಳು, ನಗಬೇಕೋ ಅಳಬೇಕೋ ತಿಳಿಯದ ಮಾರಿ ಮಾಡಿಕೊಂಡು.

“ಏನಂದ್ರಿ ಸಾಹೇಬ್ರಿಗೆ ಅಂತ ಕೇಳಿದ್ನಿವಾ. ಹೂಂ ಅಂದು ಬಂದೀನಿ ಅಂದ್ರು. ಯಾಕ ಹೂಂ ಅಂದ್ರಿ ಅಂದ್ನಿ. ಚಾ ಕುಡದಿದ್ನಲ್ಲ ಅಂದ್ರು!”

“ಒಂದ್ ಕಪ್ ಚಾಕ್ಕ?” ಎಂದೆ ನಾನು.

“ಬಿಸ್ಕೀಟೂ ತಿಂದಿದ್ರಂತ,” ಎಂದಳು.

ಗಿರಣಿಯಲ್ಲಿದ್ದವರೆಲ್ಲ ನಕ್ಕರು, ಶಮಶಾದಬಿಯೂ ನಕ್ಕಳು. ಆದರೆ ಕೌಸರ ವರ್ಷದ ನಡುವೆಯೇ ಊರಿನ ಇನ್ನೊಂದು ತುದಿಯ ಶಾಲೆಗೆ ಸೇರಿದಳು. ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಮೊದಲಿನ ಹಾಗೆ “ವೀರೂ, ಬಾರೋ” ಎಂದು ಕೂಗುವುದಿಲ್ಲ. ತಲೆ ತಗ್ಗಿಸಿ ದಾಟುತ್ತಾಳೆ. ಅವಳು ಏನು ತಪ್ಪು ಮಾಡಿದ್ದಳು ಎಂದು ತಲೆ ತಗ್ಗಿಸಬೇಕು?

ಹೀಗೆ ಒಬ್ಬೊಬ್ಬರಾಗಿ ಚಹಾ ಕುಡಿದು ಬಂದರು. ಡೋಣಿ ಹಳ್ಳಿಯವರು ಕುಡಿದರು, ಶಿರಹಟ್ಟಿ ಕಡೆಯಿಂದ ಬಂದು ಇಲ್ಲಿ ಬಾಡಿಗೆಗಿದ್ದವರು ಕುಡಿದರು. ಎಲ್ಲರ ಮಕ್ಕಳೂ ಹಿಂದಿನ ಬೆಂಚಿನವರೇ. ಈಗ ನಮ್ಮ ಪಾಲಕರಲ್ಲಿ ಪರಿಸ್ಥಿತಿ ಎಲ್ಲಿಗೆ ಬಂದಿದೆಯೆಂದರೆ, ಬೆಳಗಾದರೆ ಎದುರು ಸಿಕ್ಕವರನ್ನು “ಚಾ ಆತೇನ್ರಿ?” ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಿದರೆ ಎದುರಿನವರು ಎದೆ ಹಿಡಿದುಕೊಂಡು “ಇಲ್ರಿ, ನಮ್ಮ ಹುಡುಗಂದು ಇನ್ನೂ ಏನಿಲ್ರಿ” ಎನ್ನುತ್ತಾರೆ. ಹಿರಿಯರಿಂದ ಬಂದ ಒಂದು ಕುಶಲಪ್ರಶ್ನೆಯನ್ನು ಬೆದರಿಕೆಯಾಗಿ ಮಾಡಿದ ಕೀರ್ತಿ ತಮ್ಮದು.

ಇದೆಲ್ಲ ಯಾತಕ್ಕೆ? ಬಸ್‌ಸ್ಟ್ಯಾಂಡಿನ ಎದುರು ಕಟ್ಟಿದ ಆ ಫ್ಲೆಕ್ಸಿಗಾಗಿ. ‘ಸತತ ಶೇಕಡಾ ನೂರು ಫಲಿತಾಂಶ’ ಎಂದು ಬರೆದು ಪಕ್ಕದಲ್ಲಿ ತಮ್ಮ ನಗುವ ಫೋಟೋ. ಗದಗದ ಬಸ್ಸಿಳಿದವರೂ ಲಕ್ಷ್ಮೇಶ್ವರಕ್ಕೆ ಹೊರಟವರೂ ಅದನ್ನು ನೋಡಿ “ಭಾರಿ ಸಾಲಿ ಬಿಡಪಾ” ಎನ್ನುತ್ತಾರೆ. ಸ್ವಾಮೀ, ನನಗೆ ಗೊತ್ತಿರುವುದು ಗಿರಣಿಯೊಂದೇ, ಅದರ ಮಾತೇ ಹೇಳುತ್ತೇನೆ. ನಮ್ಮಲ್ಲಿಗೆ ಕೆಲವರು ಥಂಡಿ ಹಿಡಿದ ಜೋಳ ತರುತ್ತಾರೆ. ಬೀಸಿದರೆ ಕಲ್ಲಿಗೆ ಮೆತ್ತುತ್ತದೆ. ನಾವು ಅದನ್ನು ಬಿಸಿಲಿಗೆ ಹರವಿ, ಒಣಗಿಸಿ, ಆಮೇಲೆ ಬೀಸಿ ಕೊಡುತ್ತೇವೆ. ಅದರ ಬದಲು, ಅವರನ್ನು ಕೂಡಿಸಿ ಚಹಾ ಕೊಟ್ಟು, “ನಿಮ್ಮ ಜೋಳ ಬಹಳ ಒಳ್ಳೆಯದು, ಬೇರೆ ಗಿರಣಿಯಲ್ಲಿ ಅರಳುತ್ತದೆ” ಎಂದು ಬುಟ್ಟಿ ಸಮೇತ ಕಳಿಸಿ, ಬಾಗಿಲಿಗೆ ‘ನಮ್ಮಲ್ಲಿ ಶೇಕಡಾ ನೂರು ನುಣುಪು ಹಿಟ್ಟು’ ಎಂದು ಬೋರ್ಡು ಹಾಕಿದರೆ, ಊರವರು ನಮ್ಮ ಮಾರಿಗೆ ಏನು ಎಸೆದಾರು ಎಂದು ಇಲ್ಲಿ ಬರೆಯಲಾರೆ. ನಮ್ಮ ಅತ್ತೆ ಶಾರದವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಿಮ್ಮ ವಿಷಯ ಕೇಳಿ ಒಂದೇ ಮಾತಂದರು: “ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ.”

ಕಡೆಗೆ ನಮ್ಮ ಪಾಳಿಯೂ ಬಂತು. ‘ಸಾಹೇಬರು ಸೋಮವಾರ ಚಹಾಕ್ಕೆ ಕರೆದಿದ್ದಾರೆ’ ಎಂದು ಫೋನು. ನನ್ನ ಗಂಡ ಅಂಗಿಯ ಮೇಲಿನ ಹಿಟ್ಟು ಝಾಡಿಸಿಕೊಳ್ಳುತ್ತಾ, “ನೀನ ಹೋಗು. ನಾ ಹೋದ್ರ ಕುಡದುಬಿಡ್ತೀನಿ,” ಎಂದರು. ಅವರ ಪ್ರಾಮಾಣಿಕತೆ ಮೆಚ್ಚಿ ನಾನೇ ಹೊರಟೆ.

ಮುಂದಿನದು ತಮಗೆ ಗೊತ್ತು, ಈ ಪತ್ರದ ನಕಲು ಓದುವ ಉಳಿದ ಪಾಲಕರಿಗಾಗಿ ಹೇಳುತ್ತೇನೆ. ಚಹಾ ಬಂತು. ಏಲಕ್ಕಿ ಹಾಕಿದ್ದು, ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗೆ ಚಹಾ ಎಂದರೆ ಪ್ರಾಣ, ಇದನ್ನು ಊರೆಲ್ಲ ಬಲ್ಲದು. “ತಗೊಳ್ಳಿ ಅಮ್ಮಾ,” ಎಂದಿರಿ. “ಒಪ್ಪತ್ತು ಐತ್ರಿ,” ಎಂದೆ. “ಹಾಗಾದರೆ ಹಾಲು ತರಿಸಲೇ?” ಎಂದಿರಿ. “ಹಾಲೂ ಒಲ್ಲೆರಿ,” ಎಂದೆ. “ಬಾಳೆಹಣ್ಣು?” ಎಂದಿರಿ. ಆಗ ನಿಮ್ಮ ಕಷ್ಟ ನೋಡಿ ನನಗೆ ಅಯ್ಯೋ ಅನ್ನಿಸಿತು. ನಾನು ಏನಾದರೂ ನುಂಗುವವರೆಗೂ ತಮಗೆ ಮಾತು ಹೊರಡುವ ಹಾಗಿರಲಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟಿತು. ತಾವು ಅದನ್ನೇ ನೋಡುತ್ತಿದ್ದಿರಿ, ನಾನು ತಮ್ಮನ್ನು ನೋಡುತ್ತಿದ್ದೆ.

“ವೀರು ಚಟುವಟಿಕೆಯ ಹುಡುಗ,” ಎಂದು ಕಡೆಗೂ ಶುರು ಮಾಡಿದಿರಿ. “ಅವನಿಗೆ ಇಲ್ಲಿಯ ಗಣಿತ ಭಾರವಾಗುತ್ತಿದೆ. ಬೇರೆ ಕಡೆ ಹೋದರೆ ಅವನಿಗೇ ಹಗುರ.”

“ಬ್ಯಾರೆ ಕಡೆ ಬ್ಯಾರೆ ಗಣಿತ ಐತೇನ್ರಿ ಸರ? ಅಲ್ಲಿ ಎರಡಕ್ಕ ಎರಡು ಕೂಡಿಸಿದ್ರ ನಾಕ ಆಗೂದಿಲ್ಲೇನ್ರಿ?”

ತಾವು ನಕ್ಕಿರಿ. ನಾನೂ ನಕ್ಕೆ, ಎದ್ದು ಬಂದೆ. ನಾನು ಉತ್ತರ ಬೇಡಿದ್ದೆ ಎಂದು ತಮಗೆ ಹೊಳೆದ ಹಾಗಿಲ್ಲ.

ನನ್ನ ಮಗ ಒಳಗೊಳಗೇ ಭಾರಿ ಜಾಣ, ನೀವು ಗುರುತಿಸಲಿಲ್ಲ ಎಂದು ನಾನು ವಾದಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ, ಆದರೆ ಗಿರಣಿಯಲ್ಲಿ ಗಿರಾಕಿಗಳಿಗೆ ಚಿಲ್ಲರೆ ಕೊಡುವಾಗಲೂ ಅವನು ತಪ್ಪುತ್ತಾನೆ. ಗಿರಾಕಿಗಳೇ ತಿದ್ದುತ್ತಾರೆ. ಅವನಿಗೆ ಗಣಿತ ಬರುವುದಿಲ್ಲ. ಅದಕ್ಕೇ ಅಲ್ಲವೇ ಅವನನ್ನು ಶಾಲೆಗೆ ಕಳಿಸಿದ್ದು? ಗಣಿತ ಬರುವವರಿಗೆ ಕಲಿಸಲು ಶಾಲೆ ಯಾಕೆ, ಟ್ರಸ್ಟ್ ಯಾಕೆ, ತಾವಾದರೂ ಯಾಕೆ?

ಬಿಡುವುದೋ ಇರುವುದೋ ಎಂದು ಮನೆಯಲ್ಲಿ ವಾರವೆಲ್ಲ ವಾದ ನಡೆಯಿತು. “ಬ್ಯಾಡ ಅಂದವರ ಮನ್ಯಾಗ ಯಾಕ ಕುಂಡ್ರೂದು? ಕೌಸರ ಹ್ವಾದ ಸಾಲಿಗೇ ಹಾಕೂಣು,” ಎಂದು ಗಂಡ. ಅದೂ ತಪ್ಪು ಮಾತಲ್ಲ. ಆ ಸಾದಾ ಸರ್ಕಾರಿ ಶಾಲೆಯ ಗುರುಗಳು ದಸ್ತಗೀರಸಾಬರಿಗೆ ಚಹಾ ಕೊಡಲಿಲ್ಲ, ಅವರ ಮಗಳಿಗೆ ಅಂದೇ ಪುಸ್ತಕ ಕೊಟ್ಟರು. ನಾನೂ ಒಂದು ಗಳಿಗೆ ಹೂಂ ಅನ್ನುವುದರಲ್ಲಿದ್ದೆ. ಅಕ್ಕೋರು ಸಂಜೆ ಕೂಡಿಸಿಕೊಂಡು ಕಲಿಸಿದ್ದರಿಂದ ಹುಡುಗನಿಗೆ ಭಿನ್ನರಾಶಿಗಳು ಈಗಷ್ಟೇ ತಲೆಗೆ ಹತ್ತುತ್ತಿವೆ, ಈಗ ಕಿತ್ತರೆ ಎಲ್ಲ ಹೋಯಿತು ಎಂಬ ಒಂದೇ ಅಳುಕು. ಆಗ, ಇಷ್ಟು ಹೊತ್ತೂ ಮೂಲೆಯಲ್ಲಿ ಕೂತು ಕೇಳುತ್ತಿದ್ದ ವೀರು ಬಾಯಿ ಬಿಟ್ಟ.

“ಅವ್ವಾ, ನಾ ಇದ್ರ ಸಾಲಿ ಹೆಸರು ಕೆಡತೈತೇನು?”

ಸಾಹೇಬರೇ, ಇಷ್ಟು ಹೊತ್ತು ನಗುತ್ತಾ ಬರೆದೆ. ಈ ಸಾಲು ಬರೆಯುವಾಗ ನಗು ಬರುತ್ತಿಲ್ಲ. ಹದಿನೈದು ವರ್ಷದ ಹುಡುಗ ತಾನು ಇರುವುದೇ ಒಂದು ತಪ್ಪು ಎಂಬ ಹಾಗೆ ಕೇಳಿದ. ನಿಮ್ಮ ಮೇಲೆ ಸಿಟ್ಟು ಬಂತು, ಅವನ ಎದುರೇ ಇದನ್ನೆಲ್ಲ ಮಾತಾಡಿದ ನಮ್ಮ ಮೇಲೂ ಬಂತು. ನನ್ನ ಗಂಡ ಎದ್ದು ಹೋಗಿ ಅವನ ಪಕ್ಕ ಕೂತರು. ವಾದ ಅಲ್ಲಿಗೆ ಮುಗಿಯಿತು.

ನಾವು ಬಿಡುವುದಿಲ್ಲ. ಶಾಲೆ ತೆರೆದ ದಿನ ವೀರು ಹತ್ತನೆಯ ತರಗತಿಯಲ್ಲಿ ಬಂದು ಕೂಡುತ್ತಾನೆ. ಕೌಸರಳನ್ನೂ ಉಳಿದವರನ್ನೂ, ಅವರಿಗೆ ಮನಸ್ಸಿದ್ದರೆ, ತಾವು ಮರಳಿ ಕರೆಯಬೇಕು. ಅವರ ಮನೆಗೆ ತಾವೇ ಹೋಗಿ ಕರೆಯಬೇಕು. ಗಣಿತದ ಅಕ್ಕೋರಿಗೆ ಸಂಜೆಯ ಪಾಠಕ್ಕೆ ಇನ್ನೊಬ್ಬರನ್ನು ಜೊತೆ ಕೊಡಬೇಕು. ವರ್ಷದ ಕೊನೆಗೆ ಮಕ್ಕಳೆಲ್ಲ ಪರೀಕ್ಷೆ ಬರೆಯಲಿ, ಎಷ್ಟು ಬರುತ್ತದೋ ಅಷ್ಟೇ ಫ್ಲೆಕ್ಸಿನ ಮೇಲೆ ಬರೆಯಿರಿ. ನೂರು ಬಾರದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ವೀರು ಪಾಸಾದರೆ ಅವನು ನಿಮ್ಮ ವಿದ್ಯಾರ್ಥಿ ಎಂದು ಹೇಳಿಕೊಳ್ಳಲು ತಮಗೆ ನಾಚಿಕೆಯಾಗುವುದಿಲ್ಲವಲ್ಲ? ನಪಾಸಾದರೂ ಅವನು ನನ್ನ ಮಗನೇ. ಆಗಲೂ ಅವನು ನಿಮ್ಮ ವಿದ್ಯಾರ್ಥಿಯೇ ಆಗಿರಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ತಾಯಿ ಹೇಳಿದರೆ ಅವನು ನಂಬುವುದಿಲ್ಲ. ಶಾಲೆಯ ಬಾಗಿಲಲ್ಲಿ ನಿಂತು, ಎಲ್ಲರೆದುರು, ತಾವೇ ಹೇಳಿ.

ಇಂತಿ,
ಶೇಕಡಾ ನೂರಕ್ಕೆ ಅಡ್ಡ ಬಂದಿರುವ ಹುಡುಗನ ತಾಯಿ,
ಕಾಂಚನಾ
ಹಿಟ್ಟಿನ ಗಿರಣಿ, ಮುಂಡರಗಿ