ಅಮ್ಮ ಒನ್ಸ್ ಮೋರ್ ಕೂಗಿದರೆ

ಜವಳಗಿರಿ

ನಾಟಕದ ಮೇಷ್ಟ್ರು ಆವುಲಪ್ಪನವರಿಗೆ ನಮಸ್ಕಾರ.

ಗಡಿಯಲ್ಲಿ ತೀರಿಕೊಂಡ ನನ್ನ ತಮ್ಮ ಮುನೀಶನ ಮೇಲೆ ನಾನು ಬರೆದ ಯುದ್ಧದ ಪದ್ಯವನ್ನು ನಾಟಕಕ್ಕೆ ಮುಂಚೆ ಓದಲು ಹೇಳಿದ್ದೀರಿ. ಓದುವುದಿಲ್ಲ. ರಣ, ಹೆಣ, ಋಣ ಎಂದು ಪ್ರಾಸವೆಲ್ಲ ಸಿಕ್ಕಿತು, ಅಳು ಮಾತ್ರ ಸಿಗಲಿಲ್ಲ. ಅಮ್ಮನೂ ಕೇಳಿ, "ಚೆನ್ನಾಗೈತೆ ಕಣ್ಲಾ, ಅದ್ರಾಗೆ ನಮ್ಮುಡ್ಗ ಎಲ್ಲವ್ನೆ?" ಅಂದಳು.

ನಾಟಕದ ರಾಜನಿಗೆ ಪ್ರಾಸದ ಹಂಗಿಲ್ಲ. ಮಗನ ಹೆಣದ ಮುಂದೆ ಬಾಯಿಬಿಟ್ಟು ಅಳುತ್ತಾನೆ. ಆ ಪಾತ್ರ ನನಗೇ ಕೊಡಿ. ರಾಗ ಕೆಟ್ಟರೆ ಹಾರ್ಮೋನಿಯಂ ಜೋರು ಮಾಡಿ.

ಮುಂಚೆ ಇದೇ ನಾಟಕದಲ್ಲಿ ಮುನೀಶ ರಾಜಕುಮಾರನಾಗಿ ಸತ್ತು ಬಿದ್ದಾಗಲೆಲ್ಲ ಅಮ್ಮ "ಒನ್ಸ್ ಮೋರ್" ಕೂಗುತ್ತಿದ್ದಳು. ಅವನು ಎದ್ದು ಹಾಡಿ ಮತ್ತೆ ಸಾಯುತ್ತಿದ್ದ. ಈ ಸಲವೂ ಕೂಗಿದರೆ ತಡೆಯಬೇಡಿ, ಆ ಪಾತ್ರದವನನ್ನು ಎಬ್ಬಿಸಿ. ಅವನು ಎಷ್ಟು ಸಲ ಸತ್ತರೂ ಅಷ್ಟು ಸಲ ನಾನು ಅಳುತ್ತೇನೆ.

ನಿಮ್ಮ ಶಿಷ್ಯ,
ಮುನಿರತ್ನ