ನನ್ನ ರಕ್ತದ ಚುಕ್ಕೆಗಳು

ಹುಣಸೂರು
೧೨ ಫೆಬ್ರವರಿ ೨೦೦೩, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿನೋವು ಇಳಿಯಿತೋ ಇಲ್ಲವೋ? ಪವಿತ್ರಕ್ಕ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೋ, ಪಥ್ಯ ಪಥ್ಯ ಅಂತ ನೀನು ಬರೀ ಮೆಣಸಿನ ಸಾರನ್ನೇ ಬಡಿಸುತ್ತಿದ್ದೀಯೋ? ಪಾಪು ಈಗ ನೀರು ಹಾಕುವಾಗ ಅಳುವುದಿಲ್ಲವಂತೆ, ಸೋಮಶೇಖರ್ ಭಾವ ಹೇಳಿದರು. ಅತ್ತೆಯಿಲ್ಲದ ಮನೆಯೆಂದು ಅಕ್ಕನ ಬಾಣಂತನಕ್ಕೆ ನೀನೇ ಕಂಪಲಾಪುರಕ್ಕೆ ಹೋಗಬೇಕಾಯಿತು. ಸಂಕ್ರಾಂತಿ ಕಳೆದು ನೀನು ಹೊರಟ ಮೇಲೆ ಈ ಬಾಡಿಗೆ ಮನೆಯಲ್ಲಿ ನಾನು ಒಲೆ ಹಚ್ಚುವುದೇ ಅಪರೂಪ. ಲ್ಯಾಬಿನಿಂದ ಬರುತ್ತಾ ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ. ಬಯ್ಯಬೇಡ. ನಿನ್ನ ಪೂಜೆಯ ಗೂಡನ್ನು ಮಾತ್ರ ದಿನಾ ಒರೆಸಿ ವಿಭೂತಿ ಇಡುತ್ತಿದ್ದೇನೆ.

ಅಮ್ಮಾ, ನನ್ನ ಕೆಲಸ ಈಗ ಸಾಕುಸಾಕಾಗಿದೆ. ನೀನು ಬೀದಿಯವರಿಗೆಲ್ಲ, ‘ನಮ್ಮುಡ್ಗಿ ಬ್ಲಡ್ ಟೆಸ್ಟ್ ಮಾಡ್ತಾಳೆ ಕಣ್ರೀ’ ಅಂತ ಹೇಳಿಕೊಂಡು ಬಂದಿದ್ದೀಯ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ನಾವು ಹುಡುಕುತ್ತಿರುವುದು ರಕ್ತದೊಳಗಿನ ಟಿ ಕೋಶಗಳನ್ನು. ಅವು ಮೈಯ ಕಾವಲಿನವು. ಕ್ಷಯದ ಕ್ರಿಮಿ ಒಮ್ಮೆ ಮೈಯೊಳಗೆ ಹೊಕ್ಕಿದ್ದರೆ, ಆ ಕ್ರಿಮಿಯ ಚೂರು ಮತ್ತೆ ಎದುರಾದಾಗ ಕೆಲವು ಟಿ ಕೋಶಗಳು ಗುರುತು ಹಿಡಿದು ಒಂದು ಬಗೆಯ ರಸ ಸೂಸುತ್ತವೆ. ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡಿ, ಪಡ್ಡಿನ ಕಾವಲಿಯ ಹಾಗೆ ಗುಳಿಗುಳಿಯಿರುವ ಪುಟ್ಟ ತಟ್ಟೆಗೆ ಹಾಕಿ, ಕ್ರಿಮಿಯ ಪ್ರೋಟೀನಿನ ಚೂರು ಬೆರೆಸಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಬೆಳಗಿನವರೆಗೆ ಇಡುತ್ತೇವೆ. ಆಮೇಲೆ ತೊಳೆದು ಬಣ್ಣ ಹಾಕಿದರೆ, ಗುರುತು ಹಿಡಿದ ಒಂದೊಂದು ಕೋಶ ಕೂತಿದ್ದ ಕಡೆ ಒಂದೊಂದು ನೀಲಿ ಚುಕ್ಕೆ ಮೂಡುತ್ತದೆ. ಗುರುತೇ ಸಿಗದಿದ್ದರೆ ಗುಳಿ ಬೆಳ್ಳಗೇ ಉಳಿಯುತ್ತದೆ. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗುತ್ತದೆ, ಜನರೇಟರಿಗೆ ಡೀಸೆಲ್ ತುಂಬಿಸುವುದನ್ನು ಯಾರೋ ಮರೆತಿರುತ್ತಾರೆ, ಕೋಶಗಳೆಲ್ಲ ಸತ್ತು ಬಿದ್ದಿರುತ್ತವೆ. ಹೋದ ವಾರ ಎಚ್.ಡಿ. ಕೋಟೆ ಕಡೆಯ ಹಳ್ಳಿಯೊಂದರಿಂದ ಬಂದ ರಕ್ತವನ್ನು ನಮ್ಮ ಜೀಪಿನ ಮಾದೇಶ ಐಸಿನ ಡಬ್ಬಿಯಲ್ಲಿಟ್ಟು ತಂದಿದ್ದ. ಹಾಲು ಕೆಡದ ಹಾಗೆ ಐಸು ಇಡುವುದಿಲ್ಲವೇ, ಇದೂ ಹಾಗೇ ಅಂದುಕೊಂಡನಂತೆ. ಈ ಪರೀಕ್ಷೆಗೆ ರಕ್ತ ತಣ್ಣಗಾಗಲೇಬಾರದು ಅಂತ ನಾವೇ ಅವನಿಗೆ ಹೇಳಿರಲಿಲ್ಲ. ಅಷ್ಟೂ ಚೆಲ್ಲಿದೆವು.

ಚೆಲ್ಲಿದ ಮೇಲೆ ಮತ್ತೆ ಅದೇ ಹಳ್ಳಿಗೆ ಹೋಗಿ ಅದೇ ಜನರ ಮುಂದೆ ಸೂಜಿ ಹಿಡಿದು ಕೂರಬೇಕು. ಅಲ್ಲಿ ಮಾರಮ್ಮ ಅಂತ ಒಬ್ಬಾಕೆ ಇದ್ದಾಳೆ, ಗಂಡನನ್ನು ಕ್ಷಯ ತಿಂದುಹಾಕಿತು. ಮೂರನೆಯ ಸಲ ತೋಳು ಚಾಚು ಅಂದಾಗ ಆಕೆ ಸೆರಗನ್ನು ತೋಳಿಗೆ ಸುತ್ತಿಕೊಂಡು, “ರಕ್ತ ತಕಂಡೋಯ್ತೀರಿ. ಏನಾಯ್ತು ಅಂತ ಯೋಳಕ್ಕೆ ಒಬ್ರೂ ಬರಾಕಿಲ್ಲ. ನಮ್ಗೂ ತಿಳೀಬೇಕಲ್ವಾ ಅವ್ವಾ?” ಅಂದಳು. ಇದು ಇನ್ನೂ ಪ್ರಯೋಗ, ಫಲಿತಾಂಶ ಹೇಳುವಂತಿಲ್ಲ ಅಂತ ನಮ್ಮ ಲ್ಯಾಬಿನ ಮುಖ್ಯಸ್ಥ ಶಿವನಂಜಪ್ಪ ಸರ್ ಕಲಿಸಿಕೊಟ್ಟ ಮಾತನ್ನೇ ಒಪ್ಪಿಸಿ ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆಯೇ ಸಿಟ್ಟು.

ಇದೆಲ್ಲದರ ನಡುವೆ ಇನ್ನೊಂದು ಪೀಡೆ. ರೋಗಿಗಳ ರಕ್ತದ ಜೊತೆ ಪ್ರತಿ ಸಲ ಒಬ್ಬರು ಆರೋಗ್ಯವಂತರ ರಕ್ತವನ್ನೂ ಹೋಲಿಕೆಗೆ ಇಡಬೇಕು. ಪರೀಕ್ಷೆ ಮಾಡುವವರು ನಾವಿಬ್ಬರೇ, ನಾನು ಮತ್ತು ಗುರುಪುರದ ಶಾಂತಲಾ. ಅವಳಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ, ಹಾಗಾಗಿ ಮೊದಲಿನಿಂದಲೂ ನನ್ನದೇ ರಕ್ತ. ಹೋದ ಮಳೆಗಾಲದಲ್ಲಿ ನನ್ನ ಗುಳಿಗಳು ತೊಳೆದಿಟ್ಟ ಬೆಳ್ಳಿ ಲೋಟದ ಹಾಗಿದ್ದವು. ಜನವರಿಯಿಂದ ಅವುಗಳಲ್ಲಿ ಚುಕ್ಕೆ. ಮೊದಲು ಚದುರಿದಂತೆ ಅಲ್ಲೊಂದು ಇಲ್ಲೊಂದು, ಆಮೇಲೆ ರಾಗಿ ಚೆಲ್ಲಿದ ಹಾಗೆ. ಪ್ರೋಟೀನಿನ ಟ್ಯೂಬಿಗೆ ಏನೋ ಕಸ ಸೇರಿದೆ, ಕೈ ಶುದ್ಧವಿಲ್ಲ ಅಂತ ಸರ್ ಎಲ್ಲರ ಮುಂದೆ ಬೈದರು. ನಾನು ಶಾಂತಲಾಳ ಮೇಲೆ ರೇಗಿದೆ. ನೀರು ಬದಲಾಯಿಸಿದೆವು, ಬಣ್ಣ ಬದಲಾಯಿಸಿದೆವು, ದೆಹಲಿಯಿಂದ ಹೊಸ ಟ್ಯೂಬು ತರಿಸಿ ಅದಕ್ಕಾಗಿ ಕೆಲಸ ನಿಲ್ಲಿಸಿ ಕಾದೆವು. ಹೊಸದರಲ್ಲೂ ಅದೇ. ಕೊನೆಗೆ ಶಾಂತಲಾ, ಪಾಪ, ಕಣ್ಣು ಮುಚ್ಚಿಕೊಂಡು ತೋಳು ಚಾಚಿ, “ನಂದೂ ಒಂದ್ಸಲ ನೋಡೇಬುಡಿ ಅಕ್ಕಾ” ಅಂದಳು. ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಇಬ್ಬರದೂ ಹಾಕಿದೆ. ಅದೇ ಟ್ಯೂಬು, ಅದೇ ನೀರು, ಅದೇ ಕೈ. ಅವಳ ಗುಳಿಗಳು ಬೆಳ್ಳಗೆ, ನನ್ನವು ಚುಕ್ಕೆಚುಕ್ಕೆ.

ಕಸ ಎಲ್ಲಿಯೂ ಇರಲಿಲ್ಲ ಅಮ್ಮಾ. ತಟ್ಟೆ ನಿಜವನ್ನೇ ಹೇಳುತ್ತಿತ್ತು, ನಾವು ನಂಬಲಿಲ್ಲ. ಕ್ಷಯದ ಕ್ರಿಮಿ ಈಚೆಗೆ ನನ್ನ ಮೈಯೊಳಗೆ ಹೊಕ್ಕಿದೆ, ನನ್ನ ಕೋಶಗಳು ಅದನ್ನು ಗುರುತು ಹಿಡಿದಿವೆ. ಗಾಬರಿಯಾಗಬೇಡ. ಎಕ್ಸ್‌ರೇ ತೆಗೆಸಿದ್ದೇನೆ, ಎದೆ ಸ್ವಚ್ಛವಾಗಿದೆ, ಕಾಯಿಲೆ ಬಂದಿಲ್ಲ. ಕ್ರಿಮಿ ಹೊಕ್ಕವರಿಗೆಲ್ಲ ಕಾಯಿಲೆ ಬರುವುದಿಲ್ಲ. ಸರ್ ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ, ಒಂದು ಲೋಟ ಕಾಫಿ ಕುಡಿಸಿದರು, ಅಷ್ಟೇ. ಯಾರಿಂದ ಬಂದಿರಬಹುದು ಅಂತ ಕೇಳಿದರು. ರೋಗಿಗಳಿಂದ ಇರಬೇಕು ಅಂದೆ. ಆದರೆ ನಾನು ಕಂಡ ರೋಗಿಗಳನ್ನೆಲ್ಲ ಶಾಂತಲಾಳೂ ಕಂಡಿದ್ದಾಳೆ, ಅದೇ ಜೀಪು, ಅದೇ ಕೋಣೆ.

ಇರಲಿ. ಅಕ್ಕನಿಗೆ ನನ್ನ ಪ್ರೀತಿ, ಭಾವನವರಿಗೆ ನಮಸ್ಕಾರ. ಪಾಪುವಿನ ಅಂಗಾಲಿಗೆ ಚಿಕ್ಕಮ್ಮನ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಆಶಾರಾಣಿ

ತಾ.ಕ.: ಮೇಲೆ ಮಂಡಿನೋವು ಕೇಳಿದೆ, ಕೆಮ್ಮು ಕೇಳಲು ಕೈ ಏಳಲಿಲ್ಲ. ದೀಪಾವಳಿಯಿಂದ ನೀನು ಕೆಮ್ಮುತ್ತಿದ್ದೀಯ. ಪಕ್ಕದ ಶೆಡ್ಡಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಧೂಳು ಅಂತ ನೀನೂ ಅಂದೆ, ನಾನೂ ನಂಬಿದೆ. ಈಗ ನೀನಿರುವ ಕಡೆ ಆ ಶೆಡ್ಡಿಲ್ಲ, ಆದರೂ ಮೊನ್ನೆ ಭಾವನ ಅಂಗಡಿಯ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಡಾಕ್ಟರಿಗೆ ತೋರಿಸು ಅಂದರೆ, “ಕೂಸ್ನ ಎತ್ಕಂಡಿವ್ನಿ, ಆಮ್ಯಾಕೆ ಮಾಡು” ಅಂತ ನೀನು ಫೋನ್ ಇಟ್ಟುಬಿಟ್ಟೆ. ಅಂಗಡಿಯಲ್ಲಿ ಜನ ಇದ್ದರು, ನನಗೂ ಬಿಡಿಸಿ ಹೇಳಲಾಗಲಿಲ್ಲ. ನಮ್ಮ ಮನೆಯಲ್ಲಿದ್ದವರು ನಾವಿಬ್ಬರೇ ಅಮ್ಮಾ. ಕಫ ಪರೀಕ್ಷೆ ಆಗುವವರೆಗೆ ಖಚಿತವಾಗಿ ಏನೂ ಹೇಳಲಾರೆ, ನನ್ನ ಲೆಕ್ಕ ತಪ್ಪಾಗಲಿ ಅಂತಲೇ ಬೇಡಿಕೊಳ್ಳುತ್ತಿದ್ದೇನೆ. ಆದರೆ ಅಷ್ಟು ಎಳೆ ಕೂಸು ಆ ಕ್ರಿಮಿಯನ್ನು ತಡೆದುಕೊಳ್ಳುವುದಿಲ್ಲ. ಈ ಪತ್ರ ತಂದ ಮಾದೇಶ ಜೀಪಿನಲ್ಲೇ ಕಾಯುತ್ತಿರುತ್ತಾನೆ, ಅವನ ಜೊತೆ ಈಗಲೇ ಹೊರಡು. ಇಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ನಾನಿರುತ್ತೇನೆ. ಕ್ಷಯವೇ ಆಗಿದ್ದರೂ ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಪಾಪುವನ್ನು ಮಕ್ಕಳ ಡಾಕ್ಟರಿಗೆ ತೋರಿಸಬೇಕು ಅಂತ ಭಾವನಿಗೆ ಬೇರೆ ಚೀಟಿ ಬರೆದು ಮಾದೇಶನ ಕೈಲೇ ಕೊಟ್ಟಿದ್ದೇನೆ. ಕೂಸನ್ನು ಅಕ್ಕನ ಕೈಗೆ ಕೊಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಜೀಪು ಹತ್ತು. ಹೊರಡುವ ಮೊದಲು ಒಂದೇ ಒಂದು ಸಲ ಮುದ್ದಾಡಿ ಬರುತ್ತೇನೆ ಅನ್ನಬೇಡ ಅಮ್ಮಾ.