ಲಿಫ್ಟ್ ತಡೆದ ಮುಖ್ಯಾಧಿಕಾರಿಗಳಿಗೆ

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

'ಮಾನ್ಯರೇ' ಎಂದು ಬರೆಯಲು ಕೈ ಬರಲಿಲ್ಲ. ಒಬ್ಬ ಅತಿಥಿಗಾಗಿ ನೀವು ಆಸ್ಪತ್ರೆಯ ಲಿಫ್ಟನ್ನು ತಡೆದು ನಿಲ್ಲಿಸಿದಿರಿ. ಅದರ ಬಾಗಿಲಲ್ಲಿ ನನ್ನ ತಂಗಿ ರಕ್ತ ಸುರಿಸುತ್ತ ಮಲಗಿದ್ದಳು. ಅವಳು ಸತ್ತಳು. ಅವಳನ್ನು ಆ ಲಿಫ್ಟಿನೊಳಗೆ ನುಗ್ಗಿಸಿದ ನರ್ಸನ್ನು ನೀವು ಅಮಾನತು ಮಾಡಿದಿರಿ. ಇದು ನನ್ನ ದೂರು. ನಿಮ್ಮ ಕಚೇರಿಗೆ ಕೊಟ್ಟರೆ ಅದೂ ಕಾಯುತ್ತ ಕೂರುತ್ತದೆ ಎಂದು ಊರಿನ ಮುಂದೆ ಇಡುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ತಂಗಿ ನನ್ನ ಅಂಗಡಿಯಲ್ಲೇ ಗುಂಡಿ ಹಾಕುತ್ತಿದ್ದಳು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ, "ಉಸಿರು ಬಿಡಿ ಸಾರ್, ಶರ್ಟು ನಿಮ್ಮ ಜೊತೆ ಬಾಳಬೇಕು" ಎನ್ನುತ್ತಿದ್ದಳು. ಅವರೂ ನಗುತ್ತಿದ್ದರು. ಆ ಬೆಳಿಗ್ಗೆ ನಿಮ್ಮ ಕೆಳಮಹಡಿಯ ವಾರ್ಡಿನಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆ ಮೂರನೆಯ ಮಹಡಿಯಲ್ಲಿ. ಅಮ್ಮ, ನಾನು, ವಾರ್ಡಿನ ದೊಡ್ಡ ಸಿಸ್ಟರ್ ಸೇರಿ ಟ್ರಾಲಿ ತಳ್ಳಿಕೊಂಡು ಓಡಿದೆವು. ಲಿಫ್ಟು ಬಾಗಿಲು ತೆರೆದೇ ನಿಂತಿತ್ತು. ಒಳಗೆ ಹೊಸ ಕಾರ್ಪೆಟ್ಟು, ಹೂವಿನ ಕುಂಡಗಳು. ಕಾವಲುಗಾರ ಅಡ್ಡ ಬಂದ.

"ಸಾಹೇಬ್ರ ಆರ್ಡರ್ ಸಿಸ್ಟರ್. ಗೆಸ್ಟ್ ಬರೋವರೆಗೂ ಯಾರನ್ನೂ ಬಿಡಬಾರ್ದಂತೆ."

ಸಿಸ್ಟರ್ ನಿಮಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಬಂದ ನಿಮ್ಮ ದನಿಯನ್ನು ನಾನೇ ಕೇಳಿದೆ.

"ಇನ್ನೇನು ಬಂದುಬಿಡ್ತಾರೆ. ಸ್ವಲ್ಪ ಕಾಯೋಕೆ ಹೇಳಿ. ಕಾರ್ಪೆಟ್ ಮೇಲೆ ರಕ್ತಗಿಕ್ತ ಆದೀತು."

ಕಾದೆವು. ದೊಡ್ಡವರು ಹೇಳಿದರಲ್ಲ, ಕಾದೆವು. ಅಮ್ಮ ತಂಗಿಯ ಪಾದ ಹಿಡಿದು ದೇವರನ್ನು ಕರೆಯುತ್ತಿದ್ದಳು. "ಅಕ್ಕ, ಚಳಿ ಆಗ್ತಿದೆ" ಎಂದಳು ತಂಗಿ. ನಿಮ್ಮ ಅತಿಥಿಯ ಸುಳಿವಿಲ್ಲ. ಆಗ ಸಿಸ್ಟರ್ ಕುಂಡಗಳನ್ನು ಕಾಲಿಂದ ಆಚೆ ತಳ್ಳಿ ಕಾವಲುಗಾರನಿಗೆ ಹೇಳಿದರು: "ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಪ್ಪ. ಈಗ ಈ ಕಡೆ ಹಿಡಿ." ಅವನು ಟ್ರಾಲಿ ಹಿಡಿದ.

ಅಧಿಕಾರವೆಂದರೆ ಇದು, ಸ್ವಾಮಿ. ಕೈಕೆಳಗಿನವನ ಭಯವನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದು. ನೀವು ಮಾಡಿದ್ದೇನು? ನಿಮ್ಮ ಭಯವನ್ನು ತಂದು ನನ್ನ ತಂಗಿಯ ಮೇಲೆ ಹಾಕಿದಿರಿ. ಮೇಲಿದ್ದ ವೈದ್ಯರು ಹೊರಗೆ ಬಂದಾಗ, "ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಹೇಳಿ ತಲೆ ತಗ್ಗಿಸಿದರು. ಅವರಿಗಾದ ನಾಚಿಕೆಯಲ್ಲಿ ಒಂದು ಚೂರಾದರೂ ನಿಮಗೆ ಆಗಬಾರದಿತ್ತೇ?

ಬದಲಿಗೆ ಹಾರ ಹಿಡಿದು ನಮ್ಮ ಮನೆಗೆ ಬಂದಿರಿ. "ಎಲ್ಲಾ ದೇವರ ಇಚ್ಛೆ ತಾಯಿ" ಎಂದು ಅಮ್ಮನಿಗೆ ಕೈಮುಗಿದಿರಿ. ಸ್ವಲ್ಪ ಕಾಯಲಿ ಎಂದು ಫೋನಿನಲ್ಲಿ ಹೇಳಿದ್ದು ದೇವರೇ? ಕಾರ್ಪೆಟ್ಟಿನ ಚಿಂತೆ ದೇವರಿಗಿತ್ತೇ? ನಿಮ್ಮ ಆದೇಶಕ್ಕೆ ಅವನ ಸಹಿ ಹಾಕಬೇಡಿ.

ಆ ಟ್ರಾಲಿಯ ಮೇಲೆ ನಿಮ್ಮನ್ನು ಮಲಗಿಸಿ, ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಅಮ್ಮನ ಹತ್ತಿರ ಹೇಳಿಯೂ ಹೇಳಿದೆ.

"ಅಂಥ ಮಾತು ಬಾಯಲ್ಲಿ ತರಬೇಡ. ದೇವರ ಮೇಲೆ ಭಾರ ಹಾಕಿದ್ದೀನಿ, ಅವನು ಬಿಡಲ್ಲ."

"ಅವನು ಬಿಡಲ್ಲ ಸರಿ. ಇವರು ಕುರ್ಚಿ ಬಿಡಲ್ವಲ್ಲಮ್ಮ?"

ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಆಮೇಲೆ, "ಹಾಗಾದ್ರೆ ಬರಿ. ಸುಳ್ಳು ಮಾತ್ರ ಒಂದಕ್ಷರ ಸೇರಿಸಬೇಡ" ಎಂದಳು. ಸೇರಿಸಿಲ್ಲ.

ಸಿಸ್ಟರನ್ನು ಮರಳಿ ಕೆಲಸಕ್ಕೆ ಕರೆಯಿರಿ. ಎಲ್ಲರ ಎದುರು ಅವರ ಕ್ಷಮೆ ಕೇಳಿ. ಹುದ್ದೆಯಿಂದ ಇಳಿದು ವಿಚಾರಣೆಗೆ ನಿಲ್ಲಿ. ಅಲ್ಲಿಯವರೆಗೂ ನಿಮ್ಮ ಗೇಟಿನ ಎದುರು ನಾನಿರುತ್ತೇನೆ. ಅಂಗಡಿಗೆ ಬೀಗ ಹಾಕಿಯೇ ಬಂದಿದ್ದೇನೆ.

ದೇವರು ನಿಮಗೆ ಒಳ್ಳೆಯ ಬುದ್ಧಿ ಕೊಡಲೆಂದು ಅಮ್ಮ ಪ್ರಾರ್ಥಿಸುತ್ತಾಳೆ. ನಾನು ನಿಮ್ಮ ಆಯುಸ್ಸಿಗಾಗಿ ಪ್ರಾರ್ಥಿಸುತ್ತೇನೆ. ಕಿವಿ ಮಂದವಾಗದಿರಲಿ, ನೆನಪು ಮಾಸದಿರಲಿ. ಈ ಮಗು ಬೆಳೆದು, "ನಮ್ಮಮ್ಮ ಯಾಕೆ ಕಾಯಬೇಕಿತ್ತು?" ಎಂದು ನಿಮ್ಮನ್ನು ಕೇಳುವ ದಿನ ನೀವು ಬದುಕಿರಬೇಕು.

ಇಂತಿ,
ಕಾಯಿರಿ ಎಂದಾಗ ಕಾದವಳು,
ಆ ಮಗುವಿನ ದೊಡ್ಡಮ್ಮ